ಗುಜರಿಯಿಂದ ಬಂದ ರೈಲು ಹಾರ್ನ್: ಹಾರ್ನಿನ ಬೆಲೆ ಕಡಿಮೆ, ಗಾಳಿಯ ಬೆಲೆ ಹೆಚ್ಚು

ಕಳಚಿ ಮಾರಿದ ಡೀಸೆಲ್ ಎಂಜಿನ್ನೊಂದರ ಎರಡು ಹಾರ್ನ್‌ಗಳ ಜೋಡಿಯನ್ನು ಮೈಸೂರಿನ ಗುಜರಿ ವ್ಯಾಪಾರಿಯೊಬ್ಬರಿಂದ ಕೊಂಡು, ಸೋಮವಾರಪೇಟೆ ತಾಲ್ಲೂಕಿನ ನಮ್ಮ ಕಾಫಿ ತೋಟದ ಹಳೆಯ ಉಗ್ರಾಣದಲ್ಲಿ ಅಳವಡಿಸಿ, ಒಂದು ಮಳೆಗಾಲವನ್ನೂ ಒಂದು ಕೊಯ್ಲಿನ ಕಾಲವನ್ನೂ ಅದರೊಂದಿಗೆ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೊಡಗಿನಲ್ಲಿ ರೈಲು ಹಳಿಯೇ ಇಲ್ಲದಿರುವುದರಿಂದ ಇಂಥ ವಸ್ತುವಿನ ಬಗ್ಗೆ ಇಲ್ಲಿ ಕೇಳಿ ತಿಳಿಯುವುದಕ್ಕೆ ರೈಲ್ವೆ ವರ್ಕ್‌ಶಾಪ್ ಆಗಲಿ, ನಿವೃತ್ತ ಲೋಕೋ ಪೈಲಟ್ ಆಗಲಿ ಸುಲಭವಾಗಿ ಸಿಗುವುದಿಲ್ಲ. ಆಸಕ್ತಿಯಿರುವವರು ಅಂತರ್ಜಾಲದ ಜಾಹೀರಾತುಗಳನ್ನು ನಂಬಿ ಹಣ ಹಾಕುವುದನ್ನು ನೋಡಿದ್ದೇನೆ. ಅಂಥವರಿಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಹಾರ್ನ್ ಗಟ್ಟಿ ವಸ್ತು, ಕೊಳ್ಳಲು ಯೋಗ್ಯ, ಆದರೆ ಅದಕ್ಕೆ ಬೇಕಾದ ಗಾಳಿಯ ವ್ಯವಸ್ಥೆಗೆ ಹಾರ್ನಿನ ಹಲವು ಪಟ್ಟು ಖರ್ಚಾಗುತ್ತದೆ, ಮತ್ತು ಆ ಖರ್ಚಿನಲ್ಲಿ ಉಳಿತಾಯ ಮಾಡಲು ಹೋದವರ ಕೈಯಲ್ಲಿ ಅತ್ಯುತ್ತಮ ಹಾರ್ನ್ ಕೂಡ ಗೊಗ್ಗರು ದನಿಯ ಕಬ್ಬಿಣವಾಗಿ ಉಳಿಯುತ್ತದೆ.

ಈ ಹಾರ್ನ್‌ಗಳು ಇಷ್ಟು ಸುಲಭವಾಗಿ ಸಿಗುತ್ತಿರುವುದಕ್ಕೆ ಕಾರಣ ನಮ್ಮ ರೈಲ್ವೆಯ ಬದಲಾವಣೆ. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದ ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ನುಗಳು 1962ರಲ್ಲಿ ಭಾರತಕ್ಕೆ ಬಂದವು. 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲಿ ಅವು ತಯಾರಾಗತೊಡಗಿದವು. ಹದಿನಾರು ಸಿಲಿಂಡರುಗಳ, 2600 ಅಶ್ವಶಕ್ತಿಯ ಈ ಎಂಜಿನ್ನು ಮತ್ತು ಅದರ ನಂತರದ ರೂಪಗಳು ದಶಕಗಳ ಕಾಲ ದೇಶದ ಪ್ರಯಾಣಿಕ ರೈಲುಗಳನ್ನೂ ಗೂಡ್ಸ್ ರೈಲುಗಳನ್ನೂ ಎಳೆದವು. ಬ್ರಾಡ್‌ಗೇಜ್ ಮಾರ್ಗಗಳ ಬಹುಪಾಲು ವಿದ್ಯುದೀಕರಣಗೊಂಡಂತೆ ಈ ಡೀಸೆಲ್ ಎಂಜಿನ್ನುಗಳು ಸೇವೆಯಿಂದ ಹೊರಬಿದ್ದು, ರೈಲ್ವೆಯ ವಿದ್ಯುನ್ಮಾನ ಹರಾಜಿನ ಮೂಲಕ ಗುಜರಿಗೆ ಹೋಗುತ್ತಿವೆ. ಹರಾಜಿನಲ್ಲಿ ಒಂದು ಹಾರ್ನ್ ಮಾತ್ರ ಕೊಡಿ ಎಂದರೆ ಸಿಗುವುದಿಲ್ಲ. ದೊಡ್ಡ ವ್ಯಾಪಾರಿಗಳು ಲಾಟ್ ಲೆಕ್ಕದಲ್ಲಿ ಎತ್ತುತ್ತಾರೆ, ಅವರಿಂದ ಸಣ್ಣ ವ್ಯಾಪಾರಿಗಳಿಗೆ ಬರುತ್ತದೆ, ಅಲ್ಲಿಂದ ನಮ್ಮಂಥವರಿಗೆ. ನಮ್ಮ ಕೈಗೆ ಬರುವ ಹೊತ್ತಿಗೆ ಅದರ ಬೆಲೆ ತೂಕದ ಬೆಲೆಗಿಂತ ಮೇಲೇರಿರುತ್ತದೆ, ಆದರೆ ಹೊಸ ಹಾರ್ನಿನ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ರೈಲ್ವೆಯ ಸ್ವತ್ತಿಗೆ ಸಂಬಂಧಿಸಿದಂತೆ 1966ರ ಪ್ರತ್ಯೇಕ ಕಾಯ್ದೆಯಿದೆ. ಕಳವಿನದ್ದು ಅಥವಾ ಅಕ್ರಮವಾಗಿ ಪಡೆದದ್ದು ಎಂದು ಸಕಾರಣವಾಗಿ ಅನುಮಾನಿಸಬಹುದಾದ ರೈಲ್ವೆ ಸ್ವತ್ತು ಯಾರ ಬಳಿ ಸಿಗುತ್ತದೆಯೋ, ಅದು ತನ್ನ ಕೈಗೆ ನ್ಯಾಯವಾಗಿ ಬಂದಿದೆಯೆಂದು ಅವರೇ ರುಜುವಾತು ಮಾಡಬೇಕು. ಮಾಡಲಾಗದಿದ್ದರೆ ಮೊದಲ ಅಪರಾಧಕ್ಕೇ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದ್ದರಿಂದ ಹಾರ್ನಿನ ದನಿ ಹೇಗಿದೆ ಎಂದು ಕೇಳುವ ಮೊದಲು ಕಾಗದಪತ್ರ ಎಲ್ಲಿದೆ ಎಂದು ಕೇಳುವುದು ಕ್ಷೇಮ. ನನಗೆ ಮಾರಿದ ವ್ಯಾಪಾರಿ ಹರಾಜಿನ ಲಾಟ್ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ಲನ್ನೂ, ತಾವು ಮಾಲು ಎತ್ತಿದ ಆದೇಶದ ಪ್ರತಿಯನ್ನೂ ಕೇಳುವ ಮೊದಲೇ ಮುಂದಿಟ್ಟರು. ಅಂಗಡಿಯ ಸೇವೆಗೆ ನಾನು ಕೊಡುವ ಅಂಕಗಳಲ್ಲಿ ಹೆಚ್ಚಿನವು ಈ ಒಂದು ನಡವಳಿಕೆಗೆ ಸಲ್ಲುತ್ತವೆ. ಬೇರೆ ಕಡೆ ಇದಕ್ಕಿಂತ ಕಡಿಮೆ ಬೆಲೆಗೆ, ಬಿಲ್ಲಿಲ್ಲದೆ, ಹಾರ್ನ್ ಕೊಡುವವರು ಸಿಕ್ಕಿದ್ದರು. ಅಂಥ ಮಾಲನ್ನು ಮನೆಯೊಳಗೆ ತರಲೇಬಾರದು.

ಇನ್ನು ವಸ್ತುವಿನ ವಿಚಾರ. ಜೋಡಿಯಲ್ಲಿ ಒಂದು ತಗ್ಗು ದನಿಯದು, ಇನ್ನೊಂದು ಏರು ದನಿಯದು. ತಗ್ಗು ದನಿಯ ಕಹಳೆ ಉದ್ದ, ಏರು ದನಿಯದು ಗಿಡ್ಡ. ಕಹಳೆಯ ಹಿಂಬದಿಯಲ್ಲಿ ದುಂಡನೆಯ ಕೋಣೆ, ಅದರೊಳಗೆ ಡಯಾಫ್ರಮ್ ಎಂಬ ತೆಳುವಾದ ಲೋಹದ ಬಿಲ್ಲೆ, ಅದರ ಬೆನ್ನಿಗೆ ಬೋಲ್ಟುಗಳಿಂದ ಬಿಗಿದ ಮುಚ್ಚಳ. ಇಡೀ ಯಂತ್ರದಲ್ಲಿ ಅಲುಗಾಡುವ ಭಾಗವೆಂದರೆ ಆ ಡಯಾಫ್ರಮ್ ಒಂದೇ. ಕೋಣೆಗೆ ನುಗ್ಗಿದ ಗಾಳಿ ಡಯಾಫ್ರಮ್ಮನ್ನು ಕಹಳೆಯ ಒಳತುದಿಯಿಂದ ಹಿಂದಕ್ಕೆ ತಳ್ಳುತ್ತದೆ. ಸಂದು ತೆರೆದ ಕೂಡಲೇ ಗಾಳಿ ಕಹಳೆಯೊಳಕ್ಕೆ ಹಾಯುತ್ತದೆ. ಕೋಣೆಯ ಒತ್ತಡ ಇಳಿದಾಗ ಡಯಾಫ್ರಮ್ ತನ್ನ ಬಿಗಿತದಿಂದಲೇ ಮರಳಿ ಬಂದು ಸಂದನ್ನು ಮುಚ್ಚುತ್ತದೆ. ಮತ್ತೆ ಒತ್ತಡ ಏರುತ್ತದೆ. ಈ ತೆರೆದು ಮುಚ್ಚುವ ಆಟ ಸೆಕೆಂಡಿಗೆ ನೂರಾರು ಬಾರಿ ನಡೆಯುತ್ತದೆ, ಅದರ ವೇಗವನ್ನು ಕಹಳೆಯೊಳಗಿನ ಗಾಳಿಯ ಕಂಬದ ಉದ್ದ ನಿರ್ಧರಿಸುತ್ತದೆ. ಇಷ್ಟು ಸರಳವಾದ ರಚನೆಯಾದ್ದರಿಂದಲೇ ದಶಕಗಳ ಕಾಲ ಬಿಸಿಲು, ಮಳೆ, ಹೊಗೆ, ಹಳಿಯ ಅದುರು ಎಲ್ಲವನ್ನೂ ತಿಂದ ಮೇಲೂ ಇದು ಮತ್ತೆ ಕೂಗಬಲ್ಲದು.

ನನಗೆ ಬಂದ ಜೋಡಿಯ ಮೇಲೆ ಬಣ್ಣದ ಹಲವು ಪದರಗಳಿದ್ದವು. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಒಣ ಉಜ್ಜುಕಾಗದದಿಂದ ಉಜ್ಜಿ ಧೂಳೆಬ್ಬಿಸುವುದು ಸಲ್ಲದು. ಬಣ್ಣ ಕರಗಿಸುವ ದ್ರಾವಣ ಬಳಿದು, ಒದ್ದೆಯಾಗಿಯೇ ಕೆರೆದು ತೆಗೆಯಬೇಕು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಅವು ಸಡಿಲವಾಗುವವರೆಗೆ ಕಾಯುವ ತಾಳ್ಮೆ ಬೇಕು, ಏಕೆಂದರೆ ಬಲವಂತ ಮಾಡಿ ಬೋಲ್ಟಿನ ತಲೆ ಮುರಿದರೆ ಮುಂದಿನ ಕೆಲಸವೆಲ್ಲ ಲೇತ್ ಅಂಗಡಿಯಲ್ಲೇ ನಡೆಯಬೇಕಾಗುತ್ತದೆ. ಡಯಾಫ್ರಮ್ಮನ್ನು ಹೊರತೆಗೆದು ಬೆಳಕಿಗೆ ಹಿಡಿದು ಕೂದಲೆಳೆಯಷ್ಟು ಬಿರುಕೂ ಇಲ್ಲವೆಂದು ನೋಡಿಕೊಳ್ಳಬೇಕು. ಅದನ್ನು ಉಜ್ಜಬಾರದು, ಬಗ್ಗಿಸಬಾರದು, ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರೆ ಸಾಕು. ಮರುಜೋಡಿಸುವಾಗ ಬೋಲ್ಟುಗಳನ್ನು ಒಂದರ ನಂತರ ಅದರ ಎದುರಿನದೆಂಬಂತೆ ಸ್ವಲ್ಪಸ್ವಲ್ಪವೇ ಬಿಗಿಯದೆ ಒಂದೇ ಬದಿಯಿಂದ ಬಿಗಿದರೆ ಡಯಾಫ್ರಮ್ ಓರೆಯಾಗಿ ಕುಳಿತು ಹಾರ್ನ್ ಕೀರಲಾಗಿ ಕಿರುಚುತ್ತದೆ ಅಥವಾ ಬರೀ ಬುಸುಗುಡುತ್ತದೆ. ನನ್ನ ಜೋಡಿಯಲ್ಲಿ ಏರು ದನಿಯದರ ಗ್ಯಾಸ್ಕೆಟ್, ಎಂದರೆ ಗಾಳಿ ಸೋರದಂತೆ ನಡುವೆ ಕೂರಿಸುವ ಪದರ, ಮಾತ್ರ ಸತ್ತಿತ್ತು. ಅಂಗಡಿಯವರು ಮಾರುವ ಮೊದಲು ಇದನ್ನು ಹೇಳಿದ್ದರು, ಬೆಲೆಯಲ್ಲೂ ಬಿಟ್ಟಿದ್ದರು.

ಈಗ ಗಾಳಿಗೆ ಬರೋಣ. ರೈಲು ಎಂಜಿನ್ನಿನ ಮುಖ್ಯ ಟ್ಯಾಂಕಿನಲ್ಲಿ ಚದರ ಸೆಂಟಿಮೀಟರಿಗೆ 8ರಿಂದ 10 ಕಿಲೋಗ್ರಾಂ ಒತ್ತಡದ ಗಾಳಿ ಸದಾ ತುಂಬಿರುತ್ತದೆ. ಇಡೀ ರೈಲಿನ ಬ್ರೇಕನ್ನು ನಡೆಸುವ ದೈತ್ಯ ಕಂಪ್ರೆಸರ್ ಅದನ್ನು ತುಂಬುತ್ತಲೇ ಇರುತ್ತದೆ. ಅಲ್ಲಿ ಹಾರ್ನ್ ಎಷ್ಟು ಗಾಳಿ ಕುಡಿದರೂ ಲೆಕ್ಕಕ್ಕೆ ಬಾರದು. ನಮ್ಮಲ್ಲಿ ಹಾಗಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಉದಾಹರಣೆಗೆ ತೆಗೆದುಕೊಳ್ಳಿ. 160 ಲೀಟರಿನ ಟ್ಯಾಂಕಿನಲ್ಲಿ ಒತ್ತಡವು 9ರಿಂದ 6ಕ್ಕೆ ಇಳಿಯುವಾಗ ಹೊರಬರುವುದು ವಾತಾವರಣದ ಒತ್ತಡದ ಲೆಕ್ಕದಲ್ಲಿ ಸುಮಾರು 480 ಲೀಟರ್ ಗಾಳಿ. 6ಕ್ಕಿಂತ ಕೆಳಗೆ ಉಳಿದ ಗಾಳಿ ಟ್ಯಾಂಕಿನಲ್ಲಿ ಇದ್ದೇ ಇದೆ, ಆದರೆ ಅದರಿಂದ ಹಾರ್ನಿನ ಪೂರ್ಣ ದನಿ ಬಾರದು. ಆ 480 ಲೀಟರನ್ನು ಜೋಡಿ ಹಾರ್ನ್ ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತದೆ. ಮರಳಿ ತುಂಬಲು ಸಣ್ಣ ಮೋಟಾರಿಗೆ ಹಲವು ನಿಮಿಷ ಬೇಕು. ಆದ್ದರಿಂದ ಕಂಪ್ರೆಸರಿನ ಅಶ್ವಶಕ್ತಿಗಿಂತ ಟ್ಯಾಂಕಿನ ಗಾತ್ರ ಮುಖ್ಯ. ನಾನು ಕಂಪ್ರೆಸರಿನ ಟ್ಯಾಂಕಿನ ಜೊತೆಗೆ ಇನ್ನೊಂದು ದೊಡ್ಡ ಟ್ಯಾಂಕನ್ನು ಜೋಡಿಸಿದ್ದೇನೆ; ಅದನ್ನು ನೀರೊತ್ತಡದ ಪರೀಕ್ಷೆ ಮಾಡಿಸಿ, ಸೇಫ್ಟಿ ವಾಲ್ವ್ ಹಾಕಿಸಿಯೇ ತಂದದ್ದು. ಹಳೆಯ ಗ್ಯಾಸ್ ಸಿಲಿಂಡರನ್ನೋ ನೀರಿನ ಡ್ರಮ್ಮನ್ನೋ ವೆಲ್ಡ್ ಮಾಡಿಸಿ ಗಾಳಿ ತುಂಬುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಪೈಪಿನ ವಿಷಯದಲ್ಲಿ ಕಾಫಿ ಬೆಳೆಗಾರರಿಗೆ ವಿಶೇಷ ಎಚ್ಚರಿಕೆ ಹೇಳಬೇಕಾಗಿದೆ. ಕಾಫಿ ಹೂವರಳಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಯಿಸಲು ತಂದ ಪಿವಿಸಿ ಪೈಪುಗಳು ನಮ್ಮ ಪ್ರತಿಯೊಂದು ಶೆಡ್ಡಿನಲ್ಲೂ ಬಿದ್ದಿರುತ್ತವೆ, ಅವುಗಳ ಮೇಲೆ ಬರೆದ ಒತ್ತಡದ ಅಂಕಿ ನೋಡಿದರೆ ಗಾಳಿಗೂ ಸಾಕೆನಿಸುತ್ತದೆ. ಆ ಅಂಕಿ ನೀರಿಗೆ ಸಂಬಂಧಿಸಿದ್ದು. ನೀರು ತುಂಬಿದ ಪೈಪು ಒಡೆದರೆ ಒತ್ತಡ ಒಮ್ಮೆಲೇ ಇಳಿದು ಹೋಗುತ್ತದೆ. ಒತ್ತಿದ ಗಾಳಿ ತುಂಬಿದ ಪಿವಿಸಿ ಪೈಪು ಒಡೆದರೆ ಒಳಗಿನ ಗಾಳಿ ಹಿಗ್ಗುತ್ತ ಪೈಪಿನ ಚೂರುಗಳನ್ನು ಚೂರಿಗಳಂತೆ ಎಸೆಯುತ್ತದೆ. ಜಿಐ ಪೈಪು ಅಥವಾ ಆ ಒತ್ತಡಕ್ಕೆಂದೇ ಮಾಡಿದ ರಬ್ಬರ್ ಹೋಸ್ ಮಾತ್ರ ಬಳಸಬೇಕು. ಪೈಪು ಅಗಲವಾಗಿರಬೇಕು, ಉದ್ದ ಆದಷ್ಟು ಕಡಿಮೆ ಇರಬೇಕು, ತಿರುವುಗಳು ಕಡಿಮೆ ಇರಬೇಕು. ಟ್ಯಾಂಕಿನ ಗೇಜ್ 9 ತೋರಿಸುತ್ತಿದ್ದರೂ ಹಾರ್ನ್ ನರಳಿದಂತೆ ಕೂಗಿದರೆ ತಪ್ಪು ಹಾರ್ನಿನದಲ್ಲ, ನಡುವಿನ ಕಿರಿದಾದ ಪೈಪಿನದು ಅಥವಾ ವಾಲ್ವಿನದು.

ವಾಲ್ವಿನ ಆಯ್ಕೆಯಲ್ಲಿ ನನ್ನ ಒಲವು ಕೈಯಿಂದ ಎಳೆಯುವ ಹಿಡಿಕೆಯ ವಾಲ್ವಿನ ಕಡೆಗಿದೆ. ಗುಂಡಿ ಒತ್ತಿದರೆ ತೆರೆಯುವ ಸೊಲೆನಾಯ್ಡ್ ವಾಲ್ವು ಅನುಕೂಲವೇನೋ ಹೌದು, ಆದರೆ ಅದಕ್ಕೆ ಪೂರ್ತಿ ತೆರೆದಿರುವುದು ಮತ್ತು ಪೂರ್ತಿ ಮುಚ್ಚಿರುವುದು ಎರಡೇ ಗೊತ್ತು. ಹಿಡಿಕೆಯ ವಾಲ್ವನ್ನು ನಿಧಾನವಾಗಿ ಎಳೆದರೆ ಮೊದಲು ಒಂದು ಹಾರ್ನ್ ದನಿಗೂಡುತ್ತದೆ, ಅರೆಕ್ಷಣದಲ್ಲಿ ಇನ್ನೊಂದು ಅದಕ್ಕೆ ಸೇರುತ್ತದೆ, ಬಿಡುವಾಗ ಎರಡೂ ಸ್ವಲ್ಪ ಜಾರಿ ಇಳಿಯುತ್ತವೆ. ಹಳೆಯ ಚಾಲಕರ ಹಾರ್ನ್ ಒಬ್ಬೊಬ್ಬರದು ಒಂದೊಂದು ಬಗೆಯಾಗಿ ಕೇಳಿಸುತ್ತಿದ್ದುದರ ಕಾರಣ ಈ ಹಿಡಿಕೆಯಲ್ಲಿದೆ. ಇಷ್ಟೆಲ್ಲ ಕಷ್ಟಪಟ್ಟು ಮನೆಗೆ ಹಾರ್ನ್ ತಂದವರು ಆ ಸುಖವನ್ನು ಕಳೆದುಕೊಳ್ಳಬಾರದು.

ಕೊಡಗಿನ ಮಳೆಗಾಲ ಈ ಇಡೀ ವ್ಯವಸ್ಥೆಯ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿರುವ ತೇವವನ್ನು ಕಂಪ್ರೆಸರ್ ಹಿಂಡಿದಾಗ ಅದು ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಬಳಸಿದ ದಿನವೆಲ್ಲ ತಳದ ಡ್ರೈನ್ ಕಾಕ್ ತೆರೆದು ನೀರು ಬಿಡದಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ. ಅದು ಹೊರಗೆ ಕಾಣದ ಅಪಾಯ. ಆ ನೀರು ಹಾರ್ನಿಗೆ ಹೋದರೆ ಡಯಾಫ್ರಮ್ಮಿನ ಅಂಚಿನಲ್ಲಿ ಕುಳಿತು ದನಿಯನ್ನು ಒಡೆಯುತ್ತದೆ. ಪೈಪಿನ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿದ ಮೇಲೆ ನನ್ನಲ್ಲಿ ಈ ತೊಂದರೆ ನಿಂತಿತು. ಕಹಳೆಗಳನ್ನು ಬಾಯಿ ತುಸು ಕೆಳಗೆ ಬಾಗುವಂತೆ ನಿಲ್ಲಿಸಬೇಕು. ಬಳಸದ ದಿನಗಳಲ್ಲಿ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಇಲ್ಲವಾದರೆ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗದು.

ದನಿ ಹೇಗಿದೆ? ನನ್ನ ಜೋಡಿಯ ಎರಡು ದನಿಗಳ ನಡುವಿನ ಅಂತರ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ನಡುವಿನ ಅಂತರಕ್ಕೆ ಹತ್ತಿರವಾಗಿದೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಾದಿಯಲ್ಲಿ, 55 ಕಿಲೋಮೀಟರ್ ಉದ್ದಕ್ಕೆ 57 ಸುರಂಗಗಳಿರುವ ಆ ಮಾರ್ಗದಲ್ಲಿ, ಸುರಂಗದ ಬಾಯಿಗೆ ಬರುವ ಎಂಜಿನ್ನಿನ ದೀರ್ಘ ಕೂಗನ್ನು ಕೇಳಿದವರಿಗೆ ಇದರ ಗುರುತು ಕೂಡಲೇ ಹತ್ತುತ್ತದೆ: ಸ್ವಲ್ಪ ವಿಷಾದದ ಛಾಯೆಯ, ದಪ್ಪನೆಯ, ಮುಂದಕ್ಕೆ ನುಗ್ಗುವ ದನಿ. ಲೆವೆಲ್ ಕ್ರಾಸಿಂಗಿಗೂ ಸುರಂಗಕ್ಕೂ ಸಮೀಪಿಸುವಾಗ ದೀರ್ಘವಾಗಿ ಹಾರ್ನ್ ಮಾಡಬೇಕೆಂಬುದು ನಮ್ಮ ರೈಲ್ವೆಯ ನಿಯಮ. ಗೇಟಿಗೆ ಮುಂಚೆ ಹಳಿಯ ಪಕ್ಕದಲ್ಲಿ ಕಾಣುವ ಡಬ್ಲ್ಯೂ/ಎಲ್ ಎಂಬ ಹಳದಿ ಫಲಕ ಚಾಲಕರಿಗೆ ಅದನ್ನೇ ನೆನಪಿಸುತ್ತದೆ.

ಹೋಲಿಕೆಗೆ ಇನ್ನೊಂದು ಹಾರ್ನನ್ನು ಕೇಳುವ ಅವಕಾಶ ನನಗೆ ಸಿಕ್ಕಿತು. ಕುಶಾಲನಗರದ ಸ್ನೇಹಿತರೊಬ್ಬರು ಅಮೆರಿಕದಲ್ಲಿರುವ ಮಗನ ಮೂಲಕ ನೇಥನ್ ಕಂಪನಿಯ ಕೆ5ಎಲ್‌ಎ ಎಂಬ ಐದು ಕಹಳೆಗಳ ಬಳಸಿದ ಹಾರ್ನನ್ನು ತರಿಸಿದ್ದಾರೆ. ಅಮೆರಿಕ ಮತ್ತು ಕೆನಡಾದ ಸಂಗ್ರಾಹಕರು ಅತಿ ಹೆಚ್ಚು ಮೆಚ್ಚುವ ಹಾರ್ನ್‌ಗಳಲ್ಲಿ ಇದೊಂದು. ಇದರ ಮೂಲ ವಿನ್ಯಾಸಕರು ಕೆನಡಾದ ಬ್ರಿಟಿಷ್ ಕೊಲಂಬಿಯಾದ ರಾಬರ್ಟ್ ಸ್ವಾನ್ಸನ್. ಉಗಿ ಎಂಜಿನ್ನುಗಳು ಹೋಗಿ ಡೀಸೆಲ್ ಎಂಜಿನ್ನುಗಳು ಬಂದ ಕಾಲದಲ್ಲಿ ಅವುಗಳ ಒಂಟಿ ದನಿಯ ಹಾರ್ನನ್ನು ಜನ ಲಾರಿಯ ಹಾರ್ನ್ ಎಂದುಕೊಂಡು ಹಳಿ ದಾಟುತ್ತಿದ್ದರು. ಉಗಿ ಸೀಟಿಯ ಬಹುಸ್ವರದ ದನಿಯನ್ನು ಗಾಳಿಯ ಹಾರ್ನಿನಲ್ಲಿ ಮರಳಿ ತರಲು ಸ್ವಾನ್ಸನ್ ಬಹುಕಾಲ ದುಡಿದರು. 1967ರಲ್ಲಿ ಕೆನಡಾದ ಶತಮಾನೋತ್ಸವಕ್ಕಾಗಿ ಅವರು ರೂಪಿಸಿದ ಹತ್ತು ಹಾರ್ನ್‌ಗಳ ಗುಂಪು ವ್ಯಾಂಕೂವರ್ ನಗರದಲ್ಲಿ ಮಧ್ಯಾಹ್ನದ ಹೊತ್ತಿಗೆ ಆ ದೇಶದ ರಾಷ್ಟ್ರಗೀತೆಯ ಮೊದಲ ಸ್ವರಗಳನ್ನು ಊದುತ್ತದೆ. ಕೆ5ಎಲ್‌ಎ ರೂಪ 1970ರ ದಶಕದಲ್ಲಿ ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರಾಕ್‌ಗಾಗಿ ಸಿದ್ಧವಾಯಿತು.

ಅದರ ಐದು ಕಹಳೆಗಳ ಕಂಪನಾಂಕಗಳು ಸೆಕೆಂಡಿಗೆ ಸುಮಾರು 311, 370, 415, 494 ಮತ್ತು 622. ಇವುಗಳಲ್ಲಿ 494ನ್ನು ಷಡ್ಜವೆಂದು ಹಿಡಿದರೆ ಉಳಿದವು ಕೆಳಗಿನ ಅಂತರ ಗಾಂಧಾರ, ಪಂಚಮ, ಚತುಶ್ರುತಿ ಧೈವತ ಮತ್ತು ಮೇಲಿನ ಅಂತರ ಗಾಂಧಾರವಾಗುತ್ತವೆ. ಗ ಪ ದ ಸ ಗ: ರಿಷಭವೊಂದನ್ನು ಬಿಟ್ಟರೆ ಪೂರ್ತಿ ಮೋಹನ ರಾಗದ ಸ್ವರಗಳೇ. ಅಮೆರಿಕದ ಬಯಲಿನಲ್ಲಿ ಎಚ್ಚರಿಕೆ ಕೊಡಲೆಂದು ಮಾಡಿದ ಯಂತ್ರವೊಂದು ನಮ್ಮ ಕಿವಿಗೆ ಇಷ್ಟು ಹಿತವಾಗಿ ಕೇಳುವುದರ ಗುಟ್ಟು ಇದರಲ್ಲೇ ಇದೆಯೆಂದು ನಾನು ನಂಬುತ್ತೇನೆ. ದನಿಯ ಸೌಂದರ್ಯದಲ್ಲಿ ನನ್ನ ಜೋಡಿ ಇದಕ್ಕೆ ಸಾಟಿಯಲ್ಲ, ಅದನ್ನು ಒಪ್ಪಲೇಬೇಕು. ಆದರೆ ಕೆ5ಎಲ್‌ಎ ಐದು ಬಾಯಿಗಳಿಂದ ಗಾಳಿ ಕುಡಿಯುತ್ತದೆ, ಸಾಗಣೆಯ ಖರ್ಚು ಭಾರಿ, ಡಯಾಫ್ರಮ್ ಹಾಳಾದರೆ ಮತ್ತೆ ಸಾಗರದಾಚೆಯಿಂದಲೇ ತರಿಸಬೇಕು. ನಮ್ಮ ಊರಿನ ನೆನಪುಗಳಲ್ಲಿ ಆ ದನಿಗೆ ಜಾಗವೂ ಇಲ್ಲ. ಮೈಸೂರಿನಲ್ಲೋ ಮಂಗಳೂರಿನಲ್ಲೋ ರಾತ್ರಿ ರೈಲಿಗೆ ಕಾದು ನಿಂತವರಿಗೆ ಬೇಕಾದದ್ದು ಈ ಎರಡು ದನಿಗಳ ಜೋಡಿಯೇ.

ಕಿವಿ ಚುರುಕಾಗಿರುವವರು ಇನ್ನೊಂದನ್ನು ಗಮನಿಸುತ್ತಾರೆ. ಗಾಳಿಯಲ್ಲಿ ಶಬ್ದದ ವೇಗ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತದೆ. ಜನವರಿಯ ಮುಂಜಾನೆಯ 12 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 30 ಡಿಗ್ರಿಗೂ ನಡುವೆ ಹಾರ್ನಿನ ಶ್ರುತಿಯಲ್ಲಿ ಶೇಕಡಾ 3ರಷ್ಟು, ಎಂದರೆ ಸರಿಸುಮಾರು ಅರ್ಧ ಸ್ವರಸ್ಥಾನದಷ್ಟು, ವ್ಯತ್ಯಾಸ ಬರುತ್ತದೆ. ಎರಡೂ ಹಾರ್ನ್‌ಗಳು ಒಟ್ಟಿಗೇ ಏರಿಳಿಯುವುದರಿಂದ ಅವುಗಳ ನಡುವಿನ ಹೊಂದಾಣಿಕೆ ಕೆಡುವುದಿಲ್ಲ.

ಅಂತರ್ಜಾಲದಲ್ಲಿ ರೈಲು ಹಾರ್ನ್ ಎಂಬ ಹೆಸರಿನಲ್ಲಿ ಮಾರುವ, ನಾಲ್ಕು ಹೊಳೆಯುವ ಕಹಳೆಗಳೂ 12 ವೋಲ್ಟಿನ ಪುಟ್ಟ ಕಂಪ್ರೆಸರೂ ಇರುವ ಕಿಟ್‌ಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಅವು ರೈಲಿನಿಂದ ಬಂದವಲ್ಲ. ಡಬ್ಬದ ಮೇಲೆ 150 ಡೆಸಿಬಲ್ ಎಂದು ಬರೆದಿರುತ್ತದೆ, ಎಷ್ಟು ದೂರದಲ್ಲಿ ಅಳೆದದ್ದು ಎಂಬುದು ಬರೆದಿರುವುದಿಲ್ಲ. ದೂರ ಹೇಳದ ಡೆಸಿಬಲ್ ಅಂಕಿಗೆ ಅರ್ಥವಿಲ್ಲ. ಜೀಪಿಗೆ ಹಾಕಿಸಿಕೊಳ್ಳಲು ಅದನ್ನು ಕೊಳ್ಳುವವರು ಬಹುಸ್ವರದ ಹಾರ್ನನ್ನು ವಾಹನಗಳಿಗೆ ಅಳವಡಿಸುವುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ನಿಷೇಧಿಸಿವೆ ಎಂಬುದನ್ನು ತಿಳಿದಿರಬೇಕು.

ನಿಜವಾದ ರೈಲು ಹಾರ್ನಿನ ಸದ್ದಿನ ಪ್ರಮಾಣವನ್ನು ಅಂಕಿಗಳಲ್ಲೇ ನೋಡೋಣ. ಅಮೆರಿಕದ ನಿಯಮದ ಪ್ರಕಾರ ಎಂಜಿನ್ನಿನ ಮುಂದೆ 100 ಅಡಿ ದೂರದಲ್ಲಿ ಹಾರ್ನಿನ ಸದ್ದು 96 ಡೆಸಿಬಲ್‌ಗಿಂತ ಕಡಿಮೆ ಇರಬಾರದು, 110ನ್ನು ಮೀರಬಾರದು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 30 ಮೀಟರಿನಲ್ಲಿ 110 ಇದ್ದರೆ ಒಂದು ಕಿಲೋಮೀಟರಿನ ಹತ್ತಿರ ಇನ್ನೂ 80 ಉಳಿದಿರುತ್ತದೆ. ಕಾಫಿ ಗಿಡ, ನೆರಳಿನ ಮರ, ಗುಡ್ಡದ ಮಡಿಕೆ ಇವೆಲ್ಲ ಇನ್ನಷ್ಟು ಕಡಿಮೆ ಮಾಡುತ್ತವೆ, ನಿಜ. ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಎಂದು ಮಿತಿ ಹಾಕಿವೆ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಲೆಕ್ಕ ಸ್ಪಷ್ಟವಾಗಿದೆ. ಮನೆಯಂಗಳದಲ್ಲಿ, ತೆರೆದ ಗಾಳಿಯಲ್ಲಿ, ಪೂರ್ಣ ಒತ್ತಡದಲ್ಲಿ ಈ ಹಾರ್ನನ್ನು ನುಡಿಸುವುದು ಎಷ್ಟು ಎಕರೆ ತೋಟವಿದ್ದರೂ ಸರಿಯಲ್ಲ.

ನಾನು ಮಾಡಿಕೊಂಡ ಏರ್ಪಾಡು ಹೀಗಿದೆ. ಉಗ್ರಾಣದ ಇಟ್ಟಿಗೆ ಗೋಡೆಯ ಕೋಣೆಯೊಳಗೆ ಹಾರ್ನ್‌ಗಳನ್ನು ನಿಲ್ಲಿಸಿ, ಅವುಗಳ ಬಾಯಿಯ ಎದುರು ಮತ್ತು ಇಕ್ಕೆಲಗಳಲ್ಲಿ ಕಾಫಿ ಹೊಟ್ಟು ತುಂಬಿದ ಗೋಣಿಚೀಲಗಳನ್ನು ಸೂರಿನವರೆಗೆ ಪೇರಿಸಿದ್ದೇನೆ. ರೆಗ್ಯುಲೇಟರಿನಿಂದ ಒತ್ತಡವನ್ನು ಅರ್ಧಕ್ಕೆ ಇಳಿಸುತ್ತೇನೆ. ದನಿ ಮೆತ್ತಗಾಗುತ್ತದೆ, ಇನ್ನೂ ಇಳಿಸಿದರೆ ಡಯಾಫ್ರಮ್ ಮೂಕವಾಗುತ್ತದೆ, ಆ ಗಡಿಯ ತುಸು ಮೇಲೆ ನಿಲ್ಲಿಸುವುದನ್ನು ಕೈ ಕಲಿಯಬೇಕು. ಬೇಲಿಯ ಬಳಿ ನಿಂತು ಸದ್ದು ಅಳೆಯುವ ಮಾಪಕದಿಂದ ನೋಡಿಕೊಂಡ ಮೇಲೆಯೇ ಇದನ್ನು ರೂಢಿಗೆ ತಂದದ್ದು. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಎಳೆಯ ಮಕ್ಕಳಿರುವಾಗ, ಪಕ್ಕದ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿರುವಾಗ ಅದನ್ನೂ ಮಾಡುವುದಿಲ್ಲ. ಹಾರ್ನಿನ ಹತ್ತಿರ ನಿಲ್ಲುವವರಿಗೆ ಕಿವಿಯೊಳಗಿನ ಪ್ಲಗ್ಗೂ ಅದರ ಮೇಲೆ ಕಿವಿ ಮುಚ್ಚುವ ಮಫ್ಫೂ ಎರಡೂ ಕಡ್ಡಾಯ, ಏಕೆಂದರೆ ಅದೇ ಲೆಕ್ಕವನ್ನು ಹಿಂದಕ್ಕೆ ಹಾಕಿದರೆ ಪೂರ್ಣ ಒತ್ತಡದ ಹಾರ್ನಿನಿಂದ ಒಂದು ಮೀಟರಿನಲ್ಲಿ ಸದ್ದು 140ರ ಆಸುಪಾಸಿಗೆ ಏರುತ್ತದೆ. ಅಂಥ ಸದ್ದಿನಿಂದ ಹೋದ ಕಿವಿ ಮರಳಿ ಬರುವುದಿಲ್ಲ. ಈ ಎಲ್ಲ ನಿರ್ಬಂಧಗಳ ನಡುವೆಯೂ ಗೋಣಿಚೀಲಗಳ ಸಂದಿನಿಂದ ಹೊರಬರುವ ಆ ಜೋಡಿ ದನಿ ಎದೆಗೆ ತಟ್ಟುತ್ತದೆ. ಬಯಲಿನಲ್ಲಿ ಗಂಟಲು ಬಿಟ್ಟು ಕೂಗಿಸಲೇಬೇಕೆನ್ನುವವರು ಮಾತ್ರ ಇದನ್ನು ಕೊಳ್ಳಬಾರದು.

ನಮ್ಮ ನಾಡಿನಲ್ಲಿ ದೊಡ್ಡ ಸದ್ದಿಗೆ ಅರ್ಥವಿದೆ ಎಂಬುದನ್ನೂ ಮರೆಯಬಾರದು. ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ಕೊಡವರ ಪದ್ಧತಿಯಿಂದಾಗಿ ಇಲ್ಲಿನ ಹಿರಿಯರು ಬೆಟ್ಟದಾಚೆಯ ಸದ್ದನ್ನು ಎಣಿಸಿ ಕೇಳುತ್ತಾರೆ. ನಮ್ಮ ಪಕ್ಕದ ತೋಟದ ಹಿರಿಯರು ಮೊದಲ ಬಾರಿ ಹಾರ್ನ್ ಕೇಳಿದಾಗ ಫೋನ್ ಮಾಡಿ, "ಎಂತದು ಮಾರಾಯ ಅದು, ಯಾರ ಮನೆಯಲ್ಲಿ ಏನಾಯಿತು?" ಎಂದು ಕೇಳಿದರು. ಅವರನ್ನೂ ಉಳಿದ ನೆರೆಯವರನ್ನೂ ಕರೆದು ಕಾಫಿ ಕೊಟ್ಟು, ಹಾರ್ನ್ ತೋರಿಸಿ, ನುಡಿಸುವ ಹೊತ್ತನ್ನು ಒಪ್ಪಿಸಿಕೊಂಡ ಮೇಲೆ ಅಂಥ ಫೋನ್ ಬಂದಿಲ್ಲ.

ಆನೆ ಓಡಿಸಲು ಇದನ್ನು ಬಳಸಬಹುದೇ ಎಂದು ಕೇಳದವರಿಲ್ಲ. ಬಳಸಬಾರದು. ಹಠಾತ್ ಸದ್ದಿಗೆ ಬೆದರಿದ ಹಿಂಡು ಯಾವ ಕಡೆಗೆ ನುಗ್ಗುತ್ತದೆ ಎಂದು ಯಾರೂ ಹೇಳಲಾರರು. ಮರಿಯಿರುವ ಹಿಂಡು ಲೈನ್ ಮನೆಗಳ ಕಡೆಗೋ ಕೆಲಸಕ್ಕೆ ಹೊರಟವರ ಕಡೆಗೋ ತಿರುಗಿದರೆ ಹೊಣೆ ಯಾರದು? ಅದು ಅರಣ್ಯ ಇಲಾಖೆಯ ತಂಡದ ಕೆಲಸ, ಅವರಿಗೆ ತಿಳಿಸುವುದಷ್ಟೇ ನಮ್ಮ ಕೆಲಸ. ಆದರೆ ಆಪತ್ತಿನಲ್ಲಿ ಊರನ್ನು ಎಚ್ಚರಿಸಲು ಇದು ಆದೀತೇ ಎಂಬ ಇನ್ನೊಂದು ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಎಷ್ಟೋ ಊರುಗಳಲ್ಲಿ ಕರೆಂಟೂ ಇರಲಿಲ್ಲ, ಫೋನೂ ಇರಲಿಲ್ಲ. ಗಾಳಿ ತುಂಬಿದ ಟ್ಯಾಂಕಿಗೆ ಕೂಗಲು ಕರೆಂಟು ಬೇಡ, ಸಿಗ್ನಲ್ ಬೇಡ. ಹಿಡಿಕೆ ಎಳೆದರೆ ಸಾಕು. ಯಾವ ಕೂಗಿಗೆ ಯಾವ ಅರ್ಥ, ಕೇಳಿದವರು ಯಾವ ಕಡೆಗೆ ಹೋಗಬೇಕು ಎಂಬುದನ್ನು ಪಂಚಾಯಿತಿ ಮತ್ತು ತಾಲ್ಲೂಕು ಆಡಳಿತದ ಜೊತೆ ಕುಳಿತು ಊರೆಲ್ಲ ಮೊದಲೇ ಗೊತ್ತುಮಾಡಿಕೊಂಡರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ನಮ್ಮ ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಿದ್ದೇನೆ. ಮಳೆಗಾಲದಲ್ಲಿ ಟ್ಯಾಂಕನ್ನು ತುಂಬಿಯೇ ಇಡುತ್ತೇನೆ.

ಅಂಗಡಿಯ ವಿಷಯದಲ್ಲಿ ಕೊನೆಯದಾಗಿ ಒಂದು ಕೊರತೆಯನ್ನು ಹೇಳಬೇಕು. ಬಿಲ್ಲು, ಬೆಲೆ, ಮಾತಿನ ನೇರತನ ಇವೆಲ್ಲದರಲ್ಲಿ ವ್ಯಾಪಾರಿ ಮೆಚ್ಚುಗೆಗೆ ಅರ್ಹರು; ಆದರೆ ಬಿಡಿಭಾಗಗಳ ವಿಷಯದಲ್ಲಿ ಅವರಿಂದ ನೆರವಿಲ್ಲ, ಮತ್ತು ಹಾರ್ನನ್ನು ಸೋಮವಾರಪೇಟೆಯವರೆಗೆ ಕಳಿಸಿದ ರೀತಿಯಲ್ಲಿ ಕಾಳಜಿ ಸಾಲದು. ಗೋಣಿಯಲ್ಲಿ ಸುತ್ತಿ ಪಾರ್ಸೆಲ್ ಲಾರಿಗೆ ಹಾಕಿದ್ದರಿಂದ ಒಂದು ಕಹಳೆಯ ಅಂಚು ನೆಗ್ಗಿತ್ತು. ದನಿಗೆ ತೊಂದರೆಯಾಗದ ಕಾರಣ ಹಾಗೆಯೇ ಬಿಟ್ಟಿದ್ದೇನೆ. ಸ್ವತಃ ಹೋಗಿ ತರುವುದೇ ಒಳ್ಳೆಯದು. ಗ್ಯಾಸ್ಕೆಟ್‌ಗಳನ್ನು ಶೀಟ್ ತಂದು ಮನೆಯಲ್ಲೇ ಕತ್ತರಿಸಿಕೊಳ್ಳಬಹುದು. ಡಯಾಫ್ರಮ್ ಹಾಗಲ್ಲ, ಅದರ ದಪ್ಪದಲ್ಲಿ ವ್ಯತ್ಯಾಸವಾದರೆ ಹಾರ್ನ್ ಸರಿಯಾಗಿ ನುಡಿಯುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಅದೇ ಮಾದರಿಯ ಕೆಟ್ಟುಹೋದ ಇನ್ನೊಂದು ಹಾರ್ನನ್ನು ತೂಕದ ಬೆಲೆಗೆ ಕೇಳಿ ತೆಗೆದಿಟ್ಟುಕೊಂಡರೆ ಅದರೊಳಗಿನ ಡಯಾಫ್ರಮ್ ಮುಂದೆಂದಾದರೂ ಒದಗುತ್ತದೆ.